ಪ್ರ: ಡೊಂಬಿವಲಿಯಿಂದ ಅತ್ತೆಯೊಂದಿಗೆ ಡ್ರೀಮ್ ರನ್‌ಗೆ
ಅಕ್ಕಾ, ‘ಅತ್ತೆಗೆ 63, ಓಡಿ ಗೊತ್ತಿಲ್ಲ, ಮುಂಬೈ ಮ್ಯಾರಥಾನ್‌ನ ಡ್ರೀಮ್ ರನ್‌ನಲ್ಲಿ ನಡೆದರೆ ನಗುತ್ತಾರಾ’ ಅಂತ ಕೇಳಿದ್ದೀರಿ. ಯಾರೂ ನಗಲ್ಲ. ಅದು ಸುಮಾರು 6 ಕಿ.ಮೀ., ಸಮಯದ ಲೆಕ್ಕ ಇಲ್ಲ, ಅರ್ಧಕ್ಕರ್ಧ ಜನ ನಡೆಯೋದೇ. ಕೆಲವರು ಗಾಂಧೀಜಿ ವೇಷದಲ್ಲಿ, ಕೆಲವರು ಬ್ಯಾನರ್ ಹಿಡಿದು ಬರ್ತಾರೆ. ಪೆಡ್ಡರ್ ರೋಡಿನ ಆ ಹಾಳು ಏರು ಪೂರ್ಣ ಮ್ಯಾರಥಾನಿನವರ ತಲೆನೋವು, ನಿಮಗದರ ಗೊಡವೆ ಇಲ್ಲ.

ಆದರೆ ಅತ್ತೆಯವರಿಗೆ ಬಿಪಿ, ಮೊಣಕಾಲು ನೋವು ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಈಗಿನಿಂದಲೇ ದಿನಾ ಅರ್ಧ ಗಂಟೆ ನಡೆಸಿ. ಹೊಸ ಶೂ ಅವತ್ತೇ ಹಾಕಿಸಬೇಡಿ. ನಾನು ಮೊದಲ ಸಲ ಅದೇ ಮಾಡಿ, ಮರೀನ್ ಡ್ರೈವ್‌ನಲ್ಲಿ ಶೂ ಕೈಯಲ್ಲಿ ಹಿಡಿದು ನಡೆದೆ!

ನಿಜವಾದ ಕಷ್ಟ ಓಟದ್ದಲ್ಲ, ಲೋಕಲ್ ರೈಲಿನದು. ಜನವರಿಯ ಆ ಭಾನುವಾರ ಬೆಳಗ್ಗೆ, ಓಟ ಶುರುವಾಗುವ ಸಿಎಸ್‌ಎಂಟಿ ರೈಲು ನಿಲ್ದಾಣದ ಸುತ್ತ ರಸ್ತೆ ಬಂದ್, ಟ್ಯಾಕ್ಸಿ ನಂಬಬೇಡಿ. ಹೊರಡುವ ಸ್ಟೇಷನ್ನಿನಲ್ಲೇ ಹತ್ತಿದರೆ ಸೀಟು ಸಿಗುತ್ತೆ, ಹಾಗಾಗಿ ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ನೋಡಿಕೊಳ್ಳಿ. ವಾಪಸ್ ಬರುವಾಗ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ರೈಲು ನಿಲ್ಲಿಸೋದು) ಇದೆಯಾ ಅಂತ ಹಿಂದಿನ ದಿನವೇ ನೋಡಿ, ಭಾನುವಾರ ಅದು ಸಾಮಾನ್ಯ.

ಹೊಟ್ಟೆಗೆ ಬೆಳಗ್ಗೆ ಎರಡು ಬಾಳೆಹಣ್ಣು ಸಾಕು. ಮುಗಿಸಿ ವಾಪಸ್ ಬರುವಾಗ ನಮ್ಮ ಕಡೆಯ ತಿಂಡಿ ಸಿಗುವ ಮಾಟುಂಗಾದಲ್ಲಿ ಇಳಿದುಕೊಳ್ಳಿ, ಇಡ್ಲಿ ತಿನ್ನದೆ ಅತ್ತೆ ಮನೆಗೆ ಬರಲ್ಲ ಅಂತ ನನ್ನ ಅಂದಾಜು. ಬಿಬ್ (ಎದೆಗೆ ಸಿಕ್ಕಿಸುವ ನಂಬರ್ ಚೀಟಿ) ಹಿಂದೆ ನಿಮ್ಮ ಫೋನ್ ನಂಬರ್ ಬರೆದಿಡಿ, ಆ ಜನಜಂಗುಳಿಯಲ್ಲಿ ಕೈ ತಪ್ಪಿದರೆ ಹುಡುಕೋದು ಕಷ್ಟ.