ಪದೇ ಪದೇ ಆಫ್ ಆಗುವ ಕಂಪ್ಯೂಟರ್

ಪ್ರಶ್ನೆ: ಮಗಳ ಆನ್‌ಲೈನ್ ಪಾಠದ ಮಧ್ಯೆ ನಮ್ಮ ಆರು ವರ್ಷದ ಡೆಸ್ಕ್‌ಟಾಪ್ ದಿನಕ್ಕೆ ಮೂರ್ನಾಲ್ಕು ಸಲ ತಾನಾಗೇ ಆಫ್ ಆಗುತ್ತದೆ. ವಿಂಡೋಸ್ ಮತ್ತೆ ಹಾಕಿಸಿದರೂ ಅದೇ ಪಾಡು. ಹೊಸದು ಕೊಳ್ಳಬೇಕೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಈಗಲೇ ದುಡ್ಡು ಸುರಿಯಬೇಡಿ ತಾಯಿ. ವಿಂಡೋಸ್ ಕೆಟ್ಟು ನಿಂತಾಗ ಬರುವ ನೀಲಿ ಪರದೆಯೂ ಬಾರದೆ ಒಮ್ಮೆಲೇ ಆಫ್ ಆದರೆ ನಾನು ಮೊದಲು ನೋಡುವುದು ಬಿಸಿ, ಆಮೇಲೆ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ. ಆಲೆಮನೆ ಪಕ್ಕದ ಮನೆಯೊಂದರಿಂದ ಇಂಥದ್ದೇ ಕಂಪ್ಯೂಟರ್ ಬಂದಿತ್ತು. ಬಿಚ್ಚಿದರೆ, ಫ್ಯಾನಿನಡಿ, ಪ್ರೊಸೆಸರ್‌ನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಸಂದುಗಳಲ್ಲಿ ಮಸಿ, ದೂಳು ಸೇರಿ ಕಂಬಳಿಯಂತೆ ಕೂತಿತ್ತು. ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಅದನ್ನು ಒರೆಸಿ ಹೊಸ ಪೇಸ್ಟ್ ಹಚ್ಚಿದೆ, ದೂಳು ತೆಗೆದೆ, ಅಷ್ಟೇ.

ನೀವೂ ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಮೆತ್ತನೆ ಬ್ರಷ್‌ನಿಂದ ದೂಳು ಬಿಡಿಸಿ. ಆಮೇಲೂ ಆಫ್ ಆದರೆ ಅಂಗಡಿಯವರಿಗೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಲು ಹೇಳಿ. ಎಸ್‌ಎಂಪಿಎಸ್ ಕೊಡುವ 12 ವೋಲ್ಟ್ ಲೈನು 11.4ಕ್ಕಿಂತ ಇಳಿಯಬಾರದು. ಆ ಡಬ್ಬಿಯನ್ನು ಮಾತ್ರ ನೀವು ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ.

ವಿಂಡೋಸ್ ಬರೆದಿಡುವ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಕಂಡರೆ ಗಾಬರಿ ಬೇಡ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತೆಂದಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ. ನೀಲಿ ಪರದೆ ಬರತೊಡಗಿದರೆ ರ‍್ಯಾಮ್ ಪರೀಕ್ಷಿಸಿ. ಮಗಳ ನೋಟ್ಸನ್ನು ಇವತ್ತೇ ಪೆನ್‌ಡ್ರೈವ್‌ಗೆ ಹಾಕಿಡಿ.