ಹೆಸರಘಟ್ಟದ ಹತ್ತಿರ ಸ್ವಲ್ಪ ಜಾಗ ಇದೆ. ಹತ್ತಿಪ್ಪತ್ತು ನಾಟಿ ಕೋಳಿ ಸಾಕಿದರೆ ಗಿಟ್ಟುತ್ತಾ?

ಗಿಟ್ಟುತ್ತೆ, ಕೋಳಿ ಸಾಯದಂತೆ ನೋಡಿಕೊಂಡರೆ. ಹಿತ್ತಿಲ ಕೋಳಿಗೆ ಮೇವಿನ ಖರ್ಚು ಕಮ್ಮಿ. ಹುಳ, ಗೆದ್ದಲು, ಚೆಲ್ಲಿದ ರಾಗಿ ಕೆದಕಿ ತಿನ್ನುತ್ತೆ. ಸಂಜೆ ಒಂದು ಹಿಡಿ ಕಾಳು ಹಾಕಿದರೆ ತಾನಾಗಿ ಗೂಡಿಗೂ ಬರುತ್ತೆ.

ನಷ್ಟ ಆಗೋದು ಕೊಕ್ಕರೆ ರೋಗದಿಂದ (ರಾಣಿಖೇತ್ ಅಂತಲೂ ಕರೀತಾರೆ). ಹಸಿರು ಹಿಕ್ಕೆ, ತಿರುಚಿದ ಕತ್ತು, ಮೂರ್ನಾಲ್ಕು ದಿನದಲ್ಲಿ ಗೂಡು ಖಾಲಿ. ನಮ್ಮಮ್ಮನ ಕೋಳಿಗಳೂ ಒಂದು ಬೇಸಿಗೆಯಲ್ಲಿ ಹೀಗೇ ಹೋದವು. ಬಂದ ಮೇಲೆ ಔಷಧಿ ಇಲ್ಲ, ಲಸಿಕೆಯೊಂದೇ ದಾರಿ. ಮರಿಗೆ ಮೊದಲ ವಾರ ಕಣ್ಣಿಗೆ ಒಂದು ಹನಿ, ಎಂಟನೇ ವಾರದ ಹೊತ್ತಿಗೆ ಇಂಜೆಕ್ಷನ್. ತೊಡಕು ಏನೆಂದರೆ, ಒಂದು ಸೀಸೆ ನೂರಾರು ಕೋಳಿಗೆ ಆಗುತ್ತೆ, ತಣ್ಣಗಿಡಬೇಕು, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿ. ಟಾಂಜಾನಿಯಾ, ಮೊಜಾಂಬಿಕ್ ಹಳ್ಳಿಗಳಲ್ಲೂ ಇದೇ ಪಾಡು. ಅಲ್ಲಿ ಸೆಖೆಗೆ ಬೇಗ ಕೆಡದ, ಇದೇ ರೋಗದ ಐ-2 ಎಂಬ ಲಸಿಕೆಯನ್ನು ಕಣ್ಣಿಗೆ ಹನಿಯಾಗಿ ಹಾಕುತ್ತಾರೆ.

ಮೊದಲ ತಿಂಗಳು ಮರಿಗಳನ್ನು ಸುಮ್ನೆ ಬಿಡಬೇಡಿ, ಕಾಗೆ, ಹದ್ದು ಕಾಯ್ತಿರುತ್ತವೆ. ಮಂಕರಿ ಕವುಚಿ, ತಾಯಿ ಜೊತೆ ಒಳಗಿಡಿ.

ತಳಿ? ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ರೂಪಿಸಿದ ಗಿರಿರಾಜ ಬೇಗ ತೂಕ ಬರುತ್ತೆ, ಮೊಟ್ಟೆಯೂ ಜಾಸ್ತಿ. ಆದರೆ ಕಾವಿಗೆ ಕೂರಲ್ಲ, ಪ್ರತಿ ಸಲ ಮರಿ ಕೊಳ್ಳಬೇಕು. ನಾಟಿ ಹೇಂಟೆ 21 ದಿನ ಕೂತು ತಾನೇ ಮರಿ ಮಾಡುತ್ತೆ. ನಾನಾದರೆ ನಾಟಿಯಿಂದಲೇ ಶುರು ಮಾಡ್ತೀನಿ: ಐದು ಹೇಂಟೆ, ಒಂದು ಹುಂಜ.