ಶಿಡ್ಲಘಟ್ಟದ ಕಥೆಗೆ ಯಾವ ಕ್ಯಾಮೆರಾ?

ಶಿಡ್ಲಘಟ್ಟದ ರೀಲರ್ (ರೇಷ್ಮೆಗೂಡಿನಿಂದ ನೂಲು ಬಿಚ್ಚುವವರ) ಕುಟುಂಬವೊಂದರ ಕಥೆಯನ್ನು ಸಿನಿಮಾ ಮಾಡಬೇಕು, ಕೈಯಲ್ಲಿರುವುದು ಹದಿನೈದು ಲಕ್ಷ, ಯಾವ ಕ್ಯಾಮೆರಾ ಬಾಡಿಗೆಗೆ ತರಲಿ ಎಂದು ಕೇಳಿದ್ದೀರಿ. ಕ್ಯಾಮೆರಾ ಯಾವುದಾದರೂ ಆಗಲಿ ಸರ್, ಮೊದಲು ಒಳ್ಳೆಯ ಸೌಂಡ್ ರೆಕಾರ್ಡಿಸ್ಟ್ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಚಿತ್ರ ತುಸು ಮಬ್ಬಾದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ರೇಷ್ಮೆ ಬಿಚ್ಚುವ ಮನೆಯಲ್ಲಿ ಯಂತ್ರ ತಿರುಗುತ್ತಿರುವಾಗ ಸಂಭಾಷಣೆ ಹಿಡಿಯಲು ಹೋಗಬೇಡಿ. ದೂರದ ಶಾಟ್‌ನಲ್ಲಿ ಯಂತ್ರ ಓಡಲಿ, ಹತ್ತಿರದ ಶಾಟ್‌ಗೆ ನಿಲ್ಲಿಸಿ. ಆದರೆ ಸದ್ದು ನಿಂತ ಕೂಡಲೇ ನಟರು ದನಿ ತಗ್ಗಿಸುತ್ತಾರೆ. ಯಂತ್ರ ಓಡುತ್ತಿದೆ ಎಂದುಕೊಂಡೇ ಗಟ್ಟಿಯಾಗಿ ಮಾತನಾಡಿಸಿ, ಇಲ್ಲವಾದರೆ ಆಮೇಲೆ ಸದ್ದು ಸೇರಿಸಿದಾಗ ನಾಟಕದಂತೆ ಕೇಳಿಸುತ್ತದೆ. ಯಂತ್ರದ ಗರಗರ, ಗೂಡು ಬೇಯುವ ನೀರಿನ ಸದ್ದು, ಯಾರೂ ಮಾತನಾಡದ ಕೋಣೆಯ ನಿಶ್ಶಬ್ದ, ಇವನ್ನು ಒಂದೊಂದು ನಿಮಿಷವಾದರೂ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಪಕ್ಕದ ಮನೆಯವರು ಯಂತ್ರ ನಿಲ್ಲಿಸಿದರೆ ಅವರ ನಷ್ಟ ನೀವೇ ತುಂಬಿಕೊಡಬೇಕು, ಅದನ್ನೂ ಬಜೆಟ್‌ನಲ್ಲಿ ಬರೆಯಿರಿ.

ಆ ಕಡೆಯ ಕನ್ನಡದೊಳಗೆ ತೆಲುಗು, ಉರ್ದು ಬೆರೆತೇ ಬರುತ್ತದೆ. ಅದನ್ನು ಬೆಂಗಳೂರಿನ ಸ್ಟುಡಿಯೊದಲ್ಲಿ ಡಬ್ಬಿಂಗ್ ಮಾಡಿಸಿ ತೊಳೆಯುವುದಾದರೆ ಶಿಡ್ಲಘಟ್ಟಕ್ಕೆ ಹೋಗುವುದೇ ದಂಡ. ‘ತಿಥಿ’ ಚಿತ್ರದ ಬಲ ಮಂಡ್ಯ ಸೀಮೆಯ ಹಳ್ಳಿಗರ ಮುಖದಲ್ಲಿದ್ದಷ್ಟೇ ಅವರ ಮಾತಿನಲ್ಲೂ ಇತ್ತು. ತಾರಾ ನಟರ ಆಸೆಯನ್ನು ನಾನಾಗಿದ್ದರೆ ಬಿಟ್ಟೇಬಿಡುತ್ತಿದ್ದೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಚಿತ್ರದಲ್ಲಿ ಎತ್ತು, ಕುರಿ ಇದ್ದರೆ ಚಿತ್ರೀಕರಣಕ್ಕೆ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಸೆನ್ಸಾರ್ ವೇಳೆ ಓಡಾಡಿದರೆ ಫಲವಿಲ್ಲ. ಅಜ್ಜನ ಕೈಗೆ ಬೀಡಿ ಕೊಡುವುದಾದರೆ ಪರದೆಯ ಮೇಲೆ ಎಚ್ಚರಿಕೆಯ ಸಾಲು ಬರುತ್ತದೆ. ಗಂಭೀರ ದೃಶ್ಯದಲ್ಲಿ ಅದು ಬೇಕೇ, ಯೋಚಿಸಿ.

ಇನ್ನು ಪ್ರದರ್ಶನ. ಮುಗಿದ ಖುಷಿಗೆ ಯೂಟ್ಯೂಬ್‌ಗೆ ಹಾಕಬೇಡಿ, ಸಾರ್ವಜನಿಕವಾಗಿ ಬಂದ ಚಿತ್ರವನ್ನು ಎಷ್ಟೋ ಚಿತ್ರೋತ್ಸವಗಳು ತೆಗೆದುಕೊಳ್ಳುವುದಿಲ್ಲ. ಪ್ರಶಸ್ತಿ ಬಂದ ಕೂಡಲೇ ಚಿತ್ರಮಂದಿರ ಸಿಗುತ್ತದೆ ಎಂದೂ ನಂಬಬೇಡಿ. ಕನ್ನಡದ ‘ಶಿವಮ್ಮ’ ಚಿತ್ರ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದರೂ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2024ರಲ್ಲಿ. ನಿಮಗೂ ಸಿಕ್ಕರೆ ಬೆಳಗಿನ ಒಂದೇ ಆಟ ಸಿಗಬಹುದು. ರೀಲರ್‌ಗಳು ಆ ಹೊತ್ತಿನಲ್ಲಿ ಗೂಡಿನ ಮಾರುಕಟ್ಟೆಯಲ್ಲಿರುತ್ತಾರೆ, ಆದ್ದರಿಂದ ಚಿಕ್ಕಬಳ್ಳಾಪುರದಲ್ಲಾದರೂ ಸಂಜೆಯ ಆಟಕ್ಕೇ ಹಟ ಹಿಡಿಯಿರಿ. ಸೆನ್ಸಾರ್, ಡಿಸಿಪಿ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ), ಪೋಸ್ಟರ್ ಖರ್ಚಿಗೆಂದು ಮೂರು ಲಕ್ಷವನ್ನು ಈಗಲೇ ಬೇರೆ ಖಾತೆಗೆ ಹಾಕಿ, ಪಾಸ್‌ಬುಕ್ಕನ್ನು ಛಾಯಾಗ್ರಾಹಕರ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಳ್ಳಿ.